ಪಾದ ಮೊದಲು, ಬ್ಯಾಟು ಕೊನೆಗೆ

ಕಲಬುರಗಿಯಲ್ಲಿ ಬೇಸ್‌ಬಾಲ್ ಬ್ಯಾಟು ಹಿಡಿಯುವವರು ಕಡಿಮೆ. ಹಿಡಿದವರಲ್ಲೂ ಜಾಸ್ತಿ ಜನ ನನ್ನ ಹಾಗೆ ಕ್ರಿಕೆಟ್‌ನಿಂದ ಬಂದವರು. ಎನ್.ವಿ. ಮೈದಾನದಲ್ಲಿ ಟೆನಿಸ್ ಬಾಲ್ ಹೊಡೆದು ಪಳಗಿದ ಕೈ, ಚೆಂಡು ಕಂಡ ಕೂಡಲೇ ತಾನೇ ಮೊದಲು ಓಡುತ್ತದೆ. ಅಲ್ಲಿ ಅದು ನಡೆಯುತ್ತದೆ. ಇಲ್ಲಿ ನಡೆಯಲ್ಲ.

ಪಿಚರ್, ಅಂದರೆ ಚೆಂಡು ಎಸೆಯುವವನು, ನಿಲ್ಲುವ ಪಟ್ಟಿಯಿಂದ ಬ್ಯಾಟು ಹಿಡಿದವನ ಪಕ್ಕದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಗಂಟೆಗೆ 145 ಕಿ.ಮೀ. ವೇಗದ ಚೆಂಡು ಸುಮಾರು 0.4 ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಬ್ಯಾಟು ಬೀಸಲಿಕ್ಕೇ ಹತ್ತಿರ ಹತ್ತಿರ 0.15 ಸೆಕೆಂಡು ಹೋಗುತ್ತದೆ. ನಮ್ಮ ಕಡೆ ಅಷ್ಟು ಜೋರಾಗಿ ಯಾರು ಎಸೀತಾರೆ ಬಿಡಿ. ಆದರೂ ಹೆಜ್ಜೆ, ತಿರುವು ಎರಡನ್ನೂ ಚೆಂಡು ನೋಡಿದ ಮೇಲೆ ಶುರು ಮಾಡಿದರೆ ತಡವೇ.

ಅದಕ್ಕೆ ನಾನು ಎರಡನ್ನೂ ಬೇರೆ ಮಾಡಿದೆ. ಪಿಚರ್‌ನ ಕೈ ಹಿಂದೆ ಹೋಗುವಾಗಲೇ ಮುಂಗಾಲು, ಅಂದರೆ ಅವನ ಕಡೆಗಿರುವ ಕಾಲು, ಎತ್ತುತ್ತೇನೆ, ನಿಧಾನವಾಗಿ. ಚೆಂಡು ದಾರಿಯಲ್ಲಿರುವಾಗ ಆ ಕಾಲಿನ ಬೆರಳ ತುದಿ ನೆಲ ಮುಟ್ಟಿರುತ್ತದೆ. ಭಾರ ಇನ್ನೂ ಹಿಂಗಾಲಿನ ಮೇಲೆ, ಕೈ ಹಿಂದಿನ ಭುಜದ ಹತ್ತಿರ. ಹೊಡೆಯಬೇಕು ಅನ್ನಿಸಿದರೆ ಮಾತ್ರ ಮುಂಗಾಲಿನ ಹಿಮ್ಮಡಿ ಊರುತ್ತೇನೆ.

ಹಿಮ್ಮಡಿ ಊರಿದ ಮೇಲೆ ಸೊಂಟ ತಿರುಗುತ್ತದೆ. ಎದೆ ಒಂದು ಕ್ಷಣ ಕಾಯುತ್ತದೆ. ಆಗ ಪಕ್ಕೆಲುಬಿನ ಕೆಳಗೆ ಒಂದು ಬಿಗಿತ ಗೊತ್ತಾಗುತ್ತದೆ. ಆಮೇಲೆ ಭುಜ, ಕೈ, ಕೊನೆಗೆ ಬ್ಯಾಟು. ‘ಸೊಂಟ ಜೋರಾಗಿ ತಿರುಗಿಸು’ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತು. ಸೊಂಟ ಆಮೇಲೆ ನಿಧಾನವೂ ಆಗಬೇಕು. ಬಾರುಕೋಲಿನ ಹಿಡಿ ತಡೆದಾಗಲೇ ತುದಿಗೆ ವೇಗ ಬರುತ್ತದಲ್ಲ, ಹಾಗೆ. ಆ ತಡೆ ಕೊಡುವುದು ಮುಂಗಾಲು. ಮಂಡಿ ಬಿಗಿಯಾಗಿ ನೆಟ್ಟಗಾಗದಿದ್ದರೆ ಮೈ ಪೂರ್ತಿ ಮುಂದಕ್ಕೆ ಜಾರಿ, ಬ್ಯಾಟಿಗೆ ಸಿಗಬೇಕಾದ ವೇಗ ಸೋರಿಹೋಗುತ್ತದೆ.

ಚೆಂಡು ಇಟ್ಟು ಹೊಡೆಯುವ ಕಂಬ, ಬ್ಯಾಟಿಂಗ್ ಟೀ, ಇರಲಿಲ್ಲ. ಸ್ಟಂಪ್ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಅದರ ಮೇಲೆ ಚೆಂಡು ಇಟ್ಟೆ. ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆಯೇ ಅಭ್ಯಾಸ, ಇಲ್ಲಿನ ಮೇ ತಿಂಗಳು ಗೊತ್ತಲ್ವಾ! ಮೊದಲು ಕಾಲು ಊರಿಯೇ ನಿಂತು ಹೊಡೆದೆ. ಸೊಂಟ-ಎದೆಯ ಸರದಿ ಕೂತ ಮೇಲೆ ಹೆಜ್ಜೆ ಸೇರಿಸಿದೆ. ಗೆಳೆಯ ಪಕ್ಕದಿಂದ ಫೋನಿನಲ್ಲಿ ಸ್ಲೋ ಮೋಷನ್ ತೆಗೆಯುತ್ತಿದ್ದ. “ಕೈ ಹಿಂದ ಇರ್ಲಿ, ಸೊಂಟ ಹೋಗ್ಲಿ ಮೊದ್ಲ” ಅನ್ನುವುದೇ ಅವನ ಪಾಠ. ವಿಡಿಯೋದಲ್ಲಿ ನಾನು ನೋಡುವುದು ಒಂದೇ: ಬೆಲ್ಟಿನ ಬಕಲ್ ಪಿಚರ್ ಕಡೆ ತಿರುಗಲು ಶುರುವಾದಾಗ ಅಂಗಿಯ ಗುಂಡಿಗಳು ಇನ್ನೂ ಪಕ್ಕಕ್ಕೆ ಇವೆಯಾ?

ನಿಧಾನದ ಚೆಂಡಿಗೂ ಹೆಜ್ಜೆ ಬದಲಿಸುವುದಿಲ್ಲ. ಹಿಮ್ಮಡಿಯನ್ನು ಇನ್ನೊಂದು ಚೂರು ತಡೆಯುತ್ತೇನೆ, ಅಷ್ಟೇ.