ಸಂತೆಯಲ್ಲಿ ಹಳೇ ಹಂಡೆ ಆರಿಸುವುದು ಹೇಗೆ?

ದೀಪಾವಳಿ ಹತ್ತಿರ ಬಂದರೆ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಅಟ್ಟ ಖಾಲಿ ಮಾಡುವ ಕೆಲಸ ಶುರು. ಮಳೆಗಾಲವಿಡೀ ಬೂಷ್ಟು ಹಿಡಿದ ನಾಗಂದಿಗೆ ಒರೆಸಬೇಕು, ನೀರು ತುಂಬುವ ಹಬ್ಬಕ್ಕೆ ಬಚ್ಚಲಿನ ಹಂಡೆ ತಿಕ್ಕಿ ಹಿಂಡಲಕಾಯಿ ಬಳ್ಳಿ ಕಟ್ಟಬೇಕು. ಆಗಲೇ ‘ಇದಿನ್ನು ಯಾರಿಗೆ ಬೇಕು’ ಎಂದು ಒಂದಷ್ಟು ತಾಮ್ರ, ಹಿತ್ತಾಳೆ ಅಂಗಳಕ್ಕೆ ಬೀಳುತ್ತದೆ. ಗುಜರಿಯವರು ಕಿಲೋ ಲೆಕ್ಕದಲ್ಲಿ ತೂಗಿ ಒಯ್ದದ್ದರಲ್ಲಿ ಬಹುಪಾಲು ಸೀದಾ ಕುಲುಮೆಗೆ. ಅಷ್ಟಿಷ್ಟು ಮಾತ್ರ ಸಂತೆಯ ಅಂಚಿನಲ್ಲಿ ಹಾಸಿದ ಟಾರ್ಪಾಲಿನ ಮೇಲೆ ಬಂದು ಕೂರುತ್ತದೆ. ಕರಗಿ ಹೋಗುವ ಮೊದಲು ಅದು ಇನ್ನೊಂದು ಮನೆ ಸೇರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನ ನೋಡಿಕೊಳ್ಳಿ. ಶಿರಸಿಯಲ್ಲಿ ಮಂಗಳವಾರ, ಕಾರವಾರದಲ್ಲಿ ಭಾನುವಾರ ಸಂತೆ. ನವರಾತ್ರಿಯಿಂದ ತುಳಸಿ ಹಬ್ಬದವರೆಗೆ, ಕಾರ್ತಿಕ ದೀಪೋತ್ಸವದ ಅಂಗಡಿ ಸಾಲುಗಳನ್ನೂ ಬಿಡದೆ ಸುತ್ತಬೇಕು. ಎರಡು ವರ್ಷಕ್ಕೊಮ್ಮೆ ಫಾಲ್ಗುಣದಲ್ಲಿ ಬರುವ ಶಿರಸಿ ಮಾರಿಕಾಂಬಾ ಜಾತ್ರೆ ದೊಡ್ಡದು, ನಿಜ. ಆದರೆ ಆ ಜನಜಂಗುಳಿಯಲ್ಲಿ ಒಂದು ಚೊಂಬನ್ನು ಸಮಾಧಾನದಿಂದ ತಿರುಗಿಸಿ ನೋಡಲು ಆಗುವುದಿಲ್ಲ. ನನ್ನ ಮಟ್ಟಿಗೆ ದೀಪಾವಳಿಯ ಆಚೀಚೆಯ ಸಣ್ಣ ಸಂತೆಯೇ ಮೇಲು. ಬೆಳಿಗ್ಗೆಯೇ ಹೋಗಿ, ಸಂಜೆಯ ಬಲ್ಬಿನ ಬೆಳಕಿನಲ್ಲಿ ಎಲ್ಲ ಹಿತ್ತಾಳೆಯೂ ಚಿನ್ನದಂತೆ ಕಾಣುತ್ತದೆ.

ಕೈಚೀಲದಲ್ಲಿ ಒಂದು ಅಯಸ್ಕಾಂತ, ಭೂತಗನ್ನಡಿ, ಹಳೆ ಬಟ್ಟೆ, ಕೊಕ್ಕೆಗೆ ತೂಗುವ ಪುಟ್ಟ ತಕ್ಕಡಿ, ದೊಡ್ಡ ಬಾಟಲಿ ನೀರು ಇರಲಿ. ನೀರು ಬರೀ ಕುಡಿಯುವುದಕ್ಕಲ್ಲ. ಕೆಲವು ವರ್ಷಗಳ ಹಿಂದೆ ನಾನೊಂದು ತಾಮ್ರದ ಹಂಡೆ ತಂದೆ. ತಳದಲ್ಲಿ ಕಪ್ಪಗೆ ಮಸಿ, ಅಂಚಿನಲ್ಲಿ ಸುತ್ತಿಗೆಯ ಗುರುತು. ಎಷ್ಟು ಚಂದ ಇತ್ತೆಂದರೆ ಚೌಕಾಶಿಯನ್ನೂ ಮಾಡಲಿಲ್ಲ. ಮನೆಯಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ ಮೇಲೆ ನೀರು ತುಂಬಿದರೆ ಮೂರು ಕಡೆ ಸೋರಿತು. ಇಷ್ಟು ದಿನ ತೂತು ಮುಚ್ಚಿದ್ದು ಮಸಿಯೇ. ಬೆಸುಗೆಗೆ ಕೊಟ್ಟ ದುಡ್ಡು ಹಂಡೆಯ ಅರ್ಧ ಬೆಲೆಯಷ್ಟಾಯಿತು. ಅಂದಿನಿಂದ ತಳವನ್ನು ಬಿಸಿಲಿಗೆ ಹಿಡಿದು ಒಳಗಿನಿಂದ ನೋಡುತ್ತೇನೆ. ಮಸಿ ದಪ್ಪಗಿದ್ದರೆ ಅಂಗಡಿಯವರನ್ನು ಕೇಳಿ ನೀರು ಹೊಯ್ದು, ಹತ್ತು ನಿಮಿಷ ಒಣನೆಲದ ಮೇಲೆ ಇಟ್ಟು ಎತ್ತುತ್ತೇನೆ. ಬೇಡ ಎನ್ನುವ ಅಂಗಡಿಯಲ್ಲಿ ಹಂಡೆ ಕೊಳ್ಳುವುದಿಲ್ಲ.

ಲೋಹದ ಪರೀಕ್ಷೆ ಸುಲಭ. ತಾಮ್ರ, ಹಿತ್ತಾಳೆ, ಕಂಚು ಯಾವುದಕ್ಕೂ ಅಯಸ್ಕಾಂತ ಅಂಟುವುದಿಲ್ಲ. ಅಂಟಿತೆಂದರೆ ಒಳಗೆ ಕಬ್ಬಿಣವಿದೆ, ಮೇಲೆ ಬರೀ ಲೇಪ. ಕಂಚಿನ ಬಟ್ಟಲನ್ನು ಬೆರಳ ತುದಿಗಳ ಮೇಲೆ ಕೂರಿಸಿ ಮೆಲ್ಲಗೆ ತಟ್ಟಿ. ದನಿ ದೀರ್ಘವಾಗಿ ನಿಲ್ಲಬೇಕು. ಠಪ್ ಎಂದು ಸತ್ತರೆ ಎಲ್ಲೋ ಬಿರುಕಿದೆ. ಸವೆತ ಎಲ್ಲಿದೆ ಎನ್ನುವುದನ್ನೂ ನೋಡಿ. ಮೂವತ್ತು ನಲವತ್ತು ವರ್ಷ ಕೈಯಾಡಿದ ಅಡಕತ್ತರಿ ಹಿಡಿಯಲ್ಲಿ ನುಣುಪಾಗಿರುತ್ತದೆ, ತಿರುಗಣಿಯ ಹತ್ತಿರ ಒರಟಾಗಿರುತ್ತದೆ. ತಂಬಿಗೆಯ ಕಂಠ, ಕವಳದ ಬಟ್ಟಲಿನ ಅಂಚು ಹೀಗೆಯೇ. ಮೈತುಂಬ ಒಂದೇ ಸಮ ಹಳತಾಗಿ ಕಂಡರೆ ಅದು ಆಸಿಡ್ ಹಚ್ಚಿ ಮಾಡಿದ ಮುಪ್ಪು.

ಮರದ ಸಾಮಾನಿಗೆ ಬೇರೆಯೇ ಕಣ್ಣು ಬೇಕು. ಚನ್ನೆಮಣೆ, ತುರಿಮಣೆ, ಮರಿಗೆಯನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಹುಳು ಇನ್ನೂ ಒಳಗೇ ಇದೆ. ಕರಾವಳಿಯಲ್ಲಿ ಮಳೆಗಾಲದ ತೇವ ಮರದಲ್ಲಿ ಬಹಳ ದಿನ ಉಳಿದಿರುತ್ತದೆ. ಹಾಗಾಗಿ ತಂದದ್ದನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಸೀಳುತ್ತದೆ, ನೆರಳಲ್ಲಿ ಗಾಳಿಗೆ ಇಡಿ.

ನಾಣ್ಯಗಳ ರಾಶಿ ಕಂಡರೆ ತಾಳ್ಮೆ ಬೇಕು. 1939ರವರೆಗಿನ ಬ್ರಿಟಿಷ್ ಬೆಳ್ಳಿ ರೂಪಾಯಿ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಅದರಲ್ಲಿ ಸುಮಾರು 92 ಭಾಗ ಬೆಳ್ಳಿ. 1940ರಿಂದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರ ರೂಪಾಯಿ ನಿಕ್ಕಲ್, ಅಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು ಬೆಳ್ಳಿಯ ಬೆಲೆಗೆ ಕೊಂಡು ಬರಬೇಡಿ. ಗೋವಾ 1961ರವರೆಗೂ ಪೋರ್ಚುಗೀಸರ ಕೈಯಲ್ಲಿತ್ತಾದ್ದರಿಂದ ಕಾರವಾರದ ಕಡೆ ಅವರ ನಾಣ್ಯವೂ ಸಿಕ್ಕೀತು. ಎಚ್‌ಎಂಟಿ ಕೈಗಡಿಯಾರದ ಮುಖ ಹೊಸದರಂತೆ ಹೊಳೆಯುತ್ತಿದ್ದರೆ ಭೂತಗನ್ನಡಿ ಹಿಡಿಯಿರಿ; ಅಕ್ಷರದ ಅಂಚು ದಪ್ಪಗೆ ಕದಡಿದ್ದರೆ ಯಾರೋ ಮತ್ತೆ ಬಣ್ಣ ಹೊಡೆದಿದ್ದಾರೆ.

ಕೆಲವನ್ನು ಮುಟ್ಟಲೇಬಾರದು. ಜಿಂಕೆ ಕೊಂಬು, ಆನೆದಂತ, ಹುಲಿಯುಗುರು ಎಷ್ಟೇ ಹಳತಾಗಿರಲಿ, ಮಾರುವುದೂ ಕೊಳ್ಳುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅದೇ ವರ್ಷದ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ಚಿತ್ರಗಳು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ತಾಳೆಗರಿಗಳು ಪ್ರಾಚ್ಯವಸ್ತು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ವಿದೇಶಕ್ಕೆ ಕಳಿಸುವಂತಿಲ್ಲ. ದೇವರ ಮೂರ್ತಿ ಟಾರ್ಪಾಲಿನ ಮೇಲೆ ಕಂಡರೆ ಅದು ಯಾವುದೋ ಗುಡಿಯದ್ದೂ ಇರಬಹುದು. ಕೈ ಮುಗಿದು ಮುಂದೆ ಹೋಗಿ.

ಇನ್ನು ಬೆಲೆ. ಸಂತೆಗೆ ಹೋಗುವ ಮುನ್ನ ಪಾತ್ರೆ ಅಂಗಡಿಯಲ್ಲಿ ಹಳೆ ತಾಮ್ರ, ಹಳೆ ಹಿತ್ತಾಳೆಗೆ ಅಂದಿನ ಕಿಲೋ ದರ ಕೇಳಿಕೊಳ್ಳಿ. ಗುಜರಿಯವರಿಗೆ ಅದು ಬಾಯಿಪಾಠ. ಅದಕ್ಕಿಂತ ಕೆಳಗೆ ಕೇಳಿದರೆ ಅವರು ಮುಖ ತಿರುಗಿಸುತ್ತಾರೆ, ತಿರುಗಿಸಬೇಕಾದದ್ದೇ. ತೂಕದ ಬೆಲೆಯ ಮೇಲೆ ಕೆಲಸಗಾರಿಕೆಗೆ ಎಷ್ಟು ಕೊಡಬಹುದು ಎಂದು ಮನಸ್ಸಲ್ಲೇ ಗೊತ್ತು ಮಾಡಿಕೊಂಡು, ‘ಅಣ್ಣಾ, ಕೊನೆಗೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಒಮ್ಮೆ ಕೇಳಿದರೆ ಸಾಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆ: ‘ಇದು ಯಾವ ಊರಿಂದ ಬಂತು? ಇದಕ್ಕೆ ಅಲ್ಲಿ ಏನಂತಾರೆ?’ ಪಾತ್ರೆ ಕರಗಿದರೆ ಅದರ ಹೆಸರೂ ಹೋಗುತ್ತದೆ. ಸಿದ್ದೆ, ಕೊಳಗದಂಥ ಅಳತೆ ಪಾತ್ರೆಗಳ ಹೆಸರನ್ನು ನಮ್ಮ ಮಕ್ಕಳು ಕೇಳಿಯೇ ಇಲ್ಲ. ನಾನು ಊರು, ಹೆಸರು, ತಂದ ದಿನವನ್ನು ಚೀಟಿಯಲ್ಲಿ ಬರೆದು ಪಾತ್ರೆಯೊಳಗೇ ಇಡುತ್ತೇನೆ.

ಮನೆಗೆ ತಂದ ಮೇಲೆ ಸ್ನಾನದ ನೀರಿನ ಹಂಡೆಗೆ ಕಲಾಯಿ ಬೇಡ. ಅಡುಗೆಯ ತಾಮ್ರ, ಹಿತ್ತಾಳೆಗೆ ಬೇಕೇ ಬೇಕು. ಹುಳಿ ಸೇರಿದರೆ ಕಿಲುಬು ಬಿಡುತ್ತದೆ, ಅದು ವಿಷ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಹತ್ತಿಯಿಂದ ಒಳಮೈಗೆಲ್ಲ ಎಳೆಯುತ್ತಾರೆ. ಆ ತವರ 232 ಡಿಗ್ರಿಗೇ ಕರಗುವಂಥದ್ದು. ಖಾಲಿ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಕಲಾಯಿ ಹಾಳು. ಮೊದಲು ನೀರು ಹಾಕಿ, ಆಮೇಲೆ ಒಲೆ ಹೊತ್ತಿಸಿ.