ಮುಟ್ಟುವ ಮೊದಲು ನೋಡಬೇಕು: ಮಕ್ಕಳಿಗೆ ತುರ್ತು ಸ್ಥಿತಿ ಅಳೆಯಲು ಕಲಿಸುವ ಬಗೆ

ಶಾಲೆಗಳಲ್ಲಿ ಪ್ರಥಮ ಚಿಕಿತ್ಸೆ ಎಂದರೆ ಹೆಚ್ಚಾಗಿ ಬ್ಯಾಂಡೇಜ್ ಸುತ್ತುವುದು, ಸ್ಟ್ರೆಚರ್ ಹೊರುವುದು. ಅವೂ ಬೇಕು. ಆದರೆ ಯಾರಾದರೂ ಬಿದ್ದರೆ ಓಡಿಹೋಗಿ ಎಬ್ಬಿಸಿ ಕೂರಿಸಿ ಬಾಯಿಗೆ ನೀರು ಹಾಕುವ ರೂಢಿ ನಮ್ಮಲ್ಲಿ ಆಳವಾಗಿದೆ. ಎಚ್ಚರ ತಪ್ಪಿದವರ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿಯಬಹುದು, ಕುತ್ತಿಗೆಗೆ ಪೆಟ್ಟಾದವರನ್ನು ಜಗ್ಗಿ ಕೂರಿಸಿದರೆ ಬೆನ್ನುಹುರಿಗೇ ಹಾನಿಯಾಗಬಹುದು. ಅದಕ್ಕೇ ಮೊದಲ ಎರಡು ಪಾಠದ ಅವಧಿಗಳನ್ನು ಪರಿಸ್ಥಿತಿ ಅಳೆಯುವುದಕ್ಕೇ ಮೀಸಲಿಡಿ. 8ನೇ ತರಗತಿ ಮತ್ತು ಮೇಲಿನವರಿಗೆ ಇಲ್ಲಿನ ಕ್ರಮವನ್ನು ಪೂರ್ತಿ ಕಲಿಸಬಹುದು. ಚಿಕ್ಕವರಿಗೆ ದೂರ ನಿಲ್ಲುವುದು, ದೊಡ್ಡವರನ್ನು ಕರೆಯುವುದು, 108ಕ್ಕೆ ಫೋನ್ ಮಾಡುವುದು ಬಂದರೆ ಸಾಕು.

ಐದೈದು ಮಂದಿಯ ಗುಂಪು ಮಾಡಿ. ಒಬ್ಬರು ರೋಗಿ, ಒಬ್ಬರು ನೋಡುವವರು, ಒಬ್ಬರು ಫೋನ್ ಮಾಡುವವರು, ಒಬ್ಬರು ಜನರನ್ನು ಹಿಂದೆ ಸರಿಸುವವರು. ಐದನೆಯವರು ಗಡಿಯಾರ ಹಿಡಿದು ಏನು ತಪ್ಪಿತು ಎಂದು ಬರೆದುಕೊಳ್ಳಬೇಕು. ಪ್ರತಿ ಸುತ್ತಿಗೂ ಪಾತ್ರ ಬದಲಾಗಲಿ. ಮನೆಯಲ್ಲಿ ಈಚೆಗೆ ಸಾವುನೋವು ಕಂಡ ಮಗುವಿಗೆ ರೋಗಿಯ ಪಾತ್ರ ಕೊಡಬೇಡಿ, ಮೊದಲೇ ಕೇಳಿ ತಿಳಿದುಕೊಳ್ಳಿ.

ಮೊದಲ ಪಾಠ ನಿಲ್ಲುವುದು. ರೋಗಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಗೆರೆ ಎಳೆಯಿರಿ. ಅಲ್ಲಿ ನಿಂತು ಕಂಡದ್ದನ್ನೆಲ್ಲ ಮಗು ಗಟ್ಟಿಯಾಗಿ ಹೇಳಬೇಕು: ತಂತಿ ಇದೆಯೇ, ವಾಹನ ಬರುತ್ತಿದೆಯೇ, ಹೊಗೆ ಅಥವಾ ಕೀಟನಾಶಕ ಔಷಧದ ವಾಸನೆ ಇದೆಯೇ, ಎಷ್ಟು ಮಂದಿ ಬಿದ್ದಿದ್ದಾರೆ. ಮನಸ್ಸಿನಲ್ಲೇ ನೋಡಿಕೊಂಡರೆ ಏನು ಬಿಟ್ಟುಹೋಯಿತೆಂದು ಶಿಕ್ಷಕರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಬಾಯಿಬಿಟ್ಟು ಹೇಳಿಸುವುದನ್ನು ಬಿಡಬೇಡಿ.

ಅಪಾಯದ ಉದಾಹರಣೆಗಳನ್ನು ನಮ್ಮ ಊರಿನವೇ ಕೊಡಿ. ಹೊಲದ ಬೋರ್‌ವೆಲ್ ಸ್ಟಾರ್ಟರ್ ಹತ್ತಿರ ಬಿದ್ದವರನ್ನು ಕರೆಂಟ್ ತೆಗೆಯುವ ತನಕ ಮುಟ್ಟುವ ಹಾಗಿಲ್ಲ. ಲೈನ್ ತಂತಿಯೇ ಹರಿದು ಬಿದ್ದಿದ್ದರೆ ಒಣ ಕಟ್ಟಿಗೆಯಿಂದ ಸರಿಸುವ ಸಾಹಸವೂ ಬೇಡ. ಸುತ್ತಲಿನ ನೆಲದಲ್ಲೂ ವಿದ್ಯುತ್ ಹರಿದಿರುತ್ತದೆ. ಕನಿಷ್ಠ 10 ಮೀಟರ್ ದೂರ ನಿಂತು ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ತಿಳಿಸಬೇಕು. ಇನ್ನೊಂದು, ಹಗೇವು. ಜೋಳ ತುಂಬಿಡುವ ನೆಲಮಾಳಿಗೆಯಲ್ಲಿ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಆಮ್ಲಜನಕ ಕಡಿಮೆಯಾಗಿರುತ್ತದೆ. ಹಾಳು ಬಾವಿ, ಸೆಪ್ಟಿಕ್ ಟ್ಯಾಂಕುಗಳಲ್ಲಿಯೂ ವಿಷಗಾಳಿ ಕಣ್ಣಿಗೆ ಕಾಣದು. ಇಳಿದವನು ಕುಸಿದ, ಎತ್ತಲು ಹೋದ ತಮ್ಮನೂ ಕುಸಿದ ಎನ್ನುವ ಸುದ್ದಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ. ಇಲ್ಲಿ ಮಕ್ಕಳಿಗೆ ಸರಿಯಾದ ಉತ್ತರ ಒಂದೇ: ಇಳಿಯುವುದಿಲ್ಲ, ಯಾರನ್ನೂ ಇಳಿಯಗೊಡುವುದಿಲ್ಲ, 112ಕ್ಕೆ ಫೋನ್ ಮಾಡುತ್ತೇನೆ.

ಜಾಗ ಸುರಕ್ಷಿತ ಎಂದಾದ ಮೇಲೆಯೇ ಹತ್ತಿರ ಹೋಗುವುದು. ಎರಡೂ ಭುಜ ತಟ್ಟಿ ಕೂಗಿ ಕರೆಯಬೇಕು: “ಕಾಕಾ, ಕೇಳ್ಲತ್ತದೇನ್ರಿ? ಕಣ್ ತೆಗೀರಿ!” ಬೀದರ್, ಕಲಬುರಗಿಯ ಬೀದಿಗಳಲ್ಲಿ ಬಿದ್ದವರು ಉರ್ದು, ಮರಾಠಿ, ತೆಲುಗು ಮಾತಾಡುವವರೂ ಆಗಿರಬಹುದು. “ಚಾಚಾ, ಆಂಖಾಂ ಖೋಲೋ” ಎನ್ನುವಷ್ಟಾದರೂ ಎಲ್ಲ ಮಕ್ಕಳಿಗೂ ಬರಲಿ. ಕಣ್ಣು ತೆರೆದರೇ, ನರಳಿದರೇ, ಏನೂ ಇಲ್ಲವೇ, ಈ ಮೂರರಲ್ಲಿ ಯಾವುದು ಎಂದು ಹೇಳಿಸಿ. ಕೆನ್ನೆಗೆ ಹೊಡೆಯುವುದು, ಚಪ್ಪಲಿ ಮೂಸಿಸುವುದು ಬೇಡ.

ಪ್ರತಿಕ್ರಿಯೆ ಇಲ್ಲದಿದ್ದರೆ ಒಂದು ಕೈ ಹಣೆಯ ಮೇಲಿಟ್ಟು, ಇನ್ನೊಂದು ಕೈಯ ಬೆರಳಿಂದ ಗದ್ದ ಎತ್ತಿ, ಕಿವಿಯನ್ನು ಬಾಯಿಯ ಹತ್ತಿರ ತಂದು, ಎದೆಯ ಕಡೆ ನೋಡುತ್ತ ಉಸಿರು ಪರೀಕ್ಷಿಸಬೇಕು. ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಾಡಿ ಹುಡುಕುವುದನ್ನು ಮಕ್ಕಳಿಗೆ ಕಲಿಸಬೇಡಿ. ಗಾಬರಿಯಲ್ಲಿ ತಮ್ಮದೇ ಬೆರಳಿನ ಮಿಡಿತವನ್ನು ರೋಗಿಯದೆಂದು ತಿಳಿಯುತ್ತಾರೆ, ಹೊತ್ತೂ ಹೋಗುತ್ತದೆ. ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಏದುಸಿರಿನಲ್ಲಿ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಕೆಲವರು ಬಾಯಿ ತೆರೆದು ಗೊರ್ ಎಂದು ಆಗೊಮ್ಮೆ ಈಗೊಮ್ಮೆ ಗಾಳಿ ಎಳೆಯುತ್ತಾರೆ. ನೋಡಿದವರು “ಉಸಿರು ಆಡ್ಲತ್ತದ” ಎಂದು ಸುಮ್ಮನಾಗುತ್ತಾರೆ. ಅದು ಉಸಿರಲ್ಲ. ಶಿಕ್ಷಕರೇ ನೆಲದ ಮೇಲೆ ಮಲಗಿ ಸಹಜ ಉಸಿರು, ನಿದ್ದೆಯ ಗೊರಕೆ, ಈ ಏದುಸಿರು ಮೂರನ್ನೂ ಮಾಡಿ ತೋರಿಸಿ, ಯಾವುದು ಯಾವುದೆಂದು ಮಕ್ಕಳು ಹೇಳಲಿ. ಸಹಜ ಉಸಿರಿಲ್ಲದಿದ್ದರೆ 108ಕ್ಕೆ ಕರೆ, ಕೂಡಲೇ ಎದೆ ಒತ್ತುವುದು: ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಇದರ ಅಭ್ಯಾಸ ಬೊಂಬೆಯ ಮೇಲೆ ಮಾತ್ರ, ಗೆಳೆಯನ ಎದೆಯ ಮೇಲೆ ಎಂದೂ ಅಲ್ಲ.

ರಕ್ತ ಎಷ್ಟು ಹೋಗಿದೆ ಎಂಬ ಅಂದಾಜು ಕಣ್ಣಿಗೆ ಸುಲಭವಾಗಿ ಮೋಸ ಮಾಡುತ್ತದೆ. ಕುಂಕುಮ ಕಲಸಿದ 200 ಮಿಲಿಲೀಟರ್ ನೀರನ್ನು ಶಹಾಬಾದ್ ಫರಸಿಯ (ಕಲ್ಲುಹಾಸಿನ) ಮೇಲೆ ಸುರಿಯಿರಿ, ಅಷ್ಟನ್ನೇ ಅಂಗಳದ ಎರೆ ಮಣ್ಣಿನ ಮೇಲೆ, ಅಷ್ಟನ್ನೇ ಮಡಿಚಿದ ಹಳೇ ಧೋತರದ ಮೇಲೆ. ಫರಸಿಯ ಮೇಲೆ ಹರಡಿ ಭಯ ಹುಟ್ಟಿಸುತ್ತದೆ, ಮಣ್ಣಿನ ಬಿರುಕಿನಲ್ಲಿ ಇಂಗಿ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಎಷ್ಟಿರಬಹುದೆಂದು ಮಕ್ಕಳಿಂದ ಮೊದಲೇ ಬರೆಸಿಕೊಂಡು ಆಮೇಲೆ ಅಳತೆ ಹೇಳಿ. ಕಪ್ಪು ಸೀರೆಯಲ್ಲಿ ರಕ್ತ ಕಾಣುವುದಿಲ್ಲ. ಬೆನ್ನು, ಸೊಂಟ, ತೊಡೆಯ ಕೆಳಗೆ ಗ್ಲೋವ್ಸ್ ಹಾಕಿದ ಕೈ ಆಡಿಸಿ, ಕೈ ಹೊರತೆಗೆದು ನೋಡುವುದನ್ನು ಕಲಿಸಿ. ಗ್ಲೋವ್ಸ್ ಇಲ್ಲದಿದ್ದರೆ ಶುದ್ಧ ಪ್ಲಾಸ್ಟಿಕ್ ಚೀಲವಾದರೂ ಇರಲಿ. ಚಿಮ್ಮುವ ಅಥವಾ ನಿಲ್ಲದೆ ಸುರಿಯುವ ರಕ್ತ ಕಂಡರೆ ಪರೀಕ್ಷೆ ಅಲ್ಲಿಗೇ ನಿಲ್ಲಲಿ, ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು.

ಇಷ್ಟು ಬಂದ ಮೇಲೆ ಗೊಂದಲದ ಸಂದರ್ಭ ಕೊಡಿ. ತೊಗರಿ ಹೊಲದಲ್ಲಿ ಬೆವೆತು ಬಿದ್ದವರು: ಬಿಸಿಲೋ, ಕೀಟನಾಶಕವೋ? ಪಕ್ಕದಲ್ಲಿ ಸ್ಪ್ರೇ ಪಂಪ್, ಬಾಯಲ್ಲಿ ಜೊಲ್ಲು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು ಎಂದರೆ ವಿಷದ ಶಂಕೆ. ಬಟ್ಟೆಯ ಮೇಲಿನ ಔಷಧ ಮುಟ್ಟಿದವರಿಗೂ ತಗಲುತ್ತದೆ, ಬಾಯಿಗೆ ಬಾಯಿಟ್ಟು ಉಸಿರು ಕೊಡಬಾರದು, ಡಬ್ಬಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಕಳಿಸಬೇಕು. ಮೇ ತಿಂಗಳ ಬಿಸಿಲಿನಲ್ಲಿ ಕುಸಿದವರಿಗೆ ಹೆಸರು, ಊರು, ಇವತ್ತು ಯಾವ ವಾರ ಎಂದು ಕೇಳಿಸಿ. ಮಾತು ತಡಬಡಿಸಿದರೆ ಬೆವರು ಇದ್ದರೂ ಅದು ಬಿಸಿಲಿನ ಹೊಡೆತವೆಂದೇ ಭಾವಿಸಿ 108ಕ್ಕೆ ಕರೆಮಾಡಿ, ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು.

ಜನ ತುಂಬಿದ ಟಂಟಂ (ಮೂರು ಚಕ್ರದ ಬಾಡಿಗೆ ಗಾಡಿ) ಪಲ್ಟಿಯಾದ ಸನ್ನಿವೇಶದಲ್ಲಿ ಮಕ್ಕಳು ತಪ್ಪದೆ ಅಳುವವರ ಕಡೆಗೇ ಓಡುತ್ತಾರೆ. ಅಳುವವರಿಗೆ ಉಸಿರಿದೆ. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಬೇಕು.

ಫೋನ್ ಮಾಡುವ ಪಾತ್ರವನ್ನು ಹಗುರವಾಗಿ ಬಿಡಬೇಡಿ. ಊರಿನ ಹೆಸರಿನ ಜತೆ ತಾಲೂಕು, ಹತ್ತಿರದ ಗುಡಿ ಅಥವಾ ಕ್ರಾಸ್, ಎಷ್ಟು ಮಂದಿ, ಎಚ್ಚರ ಇದೆಯೇ, ಉಸಿರು ಇದೆಯೇ. ಆ ಕಡೆಯವರು ಇಡುವ ತನಕ ಫೋನ್ ಇಡಬಾರದು. ಒಬ್ಬರನ್ನು ರಸ್ತೆಯ ತಿರುವಿಗೆ ಕಳಿಸಬೇಕು. ಪೊಲೀಸ್ ಕೇಸಿನ ಹೆದರಿಕೆ ಪಾಲಕರಿಗೆ ಇರುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ ಎಂದು ಪಾಲಕರ ಸಭೆಯಲ್ಲೂ ತಿಳಿಸಿ.

ಆಂಬುಲೆನ್ಸ್ ಬರುವ ತನಕ ಐದೈದು ನಿಮಿಷಕ್ಕೆ ಎಚ್ಚರ, ಉಸಿರು, ರಕ್ತ ಮತ್ತೆ ನೋಡಬೇಕು. ಕಟ್ಟುಹಾವು ಕಚ್ಚಿದರೆ ಗಾಯವೇ ಕಾಣದೆ ಇರಬಹುದು, ಕೆಲ ಹೊತ್ತಿನ ಮೇಲೆ ಕಣ್ಣಿನ ರೆಪ್ಪೆ ಇಳಿಬಿದ್ದಾಗಲೇ ಗೊತ್ತಾಗುತ್ತದೆ. ಪ್ರತಿ ಸಲದ ಹೊತ್ತನ್ನು ಅಂಗೈ ಮೇಲಾದರೂ ಬರೆದಿಡಲಿ. ಕಂಡದ್ದು, ಮಾಡಿದ್ದು, ಬದಲಾದದ್ದು, ಎಷ್ಟು ಹೊತ್ತಿಗೆ, ಇವನ್ನು ಆಂಬುಲೆನ್ಸ್ ಸಿಬ್ಬಂದಿಯ ಪಾತ್ರದಲ್ಲಿರುವ ಶಿಕ್ಷಕರಿಗೆ ಅರ್ಧ ನಿಮಿಷದಲ್ಲಿ ಒಪ್ಪಿಸಿದ ಮೇಲೆಯೇ ಆ ಗುಂಪಿನ ಅಭ್ಯಾಸ ಮುಗಿದಂತೆ.