ಚಳಿಗಾಲಕ್ಕೆ ಡೆತ್ ವ್ಯಾಲಿ, ಕ್ಯಾಂಪರ್ ವ್ಯಾನ್‌ನಲ್ಲಿ: ದೂರಕ್ಕಿಂತ ಮೊದಲು ಎತ್ತರ ನೋಡಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕ್ ಅಂದ ಕೂಡಲೇ ನೆನಪಾಗುವುದು ಸುಡು ಬಿಸಿಲು. ಸುಳ್ಳೇನಲ್ಲ, 1913ರ ಜುಲೈನಲ್ಲಿ ಇಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿದೆ. ಆದರೆ ಡಿಸೆಂಬರ್-ಜನವರಿಯಲ್ಲಿ ಕಣಿವೆಯ ತಳದಲ್ಲಿ ಹಗಲು 18-19 ಡಿಗ್ರಿ, ರಾತ್ರಿ 4ರ ಆಸುಪಾಸು. ಹಾಸಿಗೆ, ಒಲೆ ಇರುವ ಕ್ಯಾಂಪರ್ ವ್ಯಾನ್‌ನಲ್ಲಿ ಮಲಗಲು ಹೇಳಿ ಮಾಡಿಸಿದ ಕಾಲ.

ಮೊದಲು ಉಳಿಯುವ ಜಾಗ. ಎಲ್ಲರೂ ಮ್ಯಾಪ್ ತೆಗೆದು ದೂರ ನೋಡುತ್ತಾರೆ, ನೀವು ಎತ್ತರ ನೋಡಿ. ಫರ್ನೇಸ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಸಮುದ್ರಮಟ್ಟಕ್ಕಿಂತ ಸುಮಾರು 60 ಮೀಟರ್ ಕೆಳಗಿದೆ, ಸ್ಟೋವ್‌ಪೈಪ್ ವೆಲ್ಸ್ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ, ಮೆಸ್ಕೀಟ್ ಸ್ಪ್ರಿಂಗ್ 550 ಮೀಟರ್ ಮೇಲೆ, ವೈಲ್ಡ್‌ರೋಸ್ ಅಂತೂ 1,250 ಮೀಟರ್. 300 ಮೀಟರ್ ಏರಿದರೆ 2 ಡಿಗ್ರಿಯಾದರೂ ಇಳಿಯುತ್ತದೆ. ಕೆಳಗೆ ಸ್ವೆಟರ್ ಸಾಕಾಗುವ ರಾತ್ರಿಯಲ್ಲೇ ವೈಲ್ಡ್‌ರೋಸ್‌ನಲ್ಲಿ ವ್ಯಾನಿನ ನೀರಿನ ಪೈಪ್ ಮಂಜುಗಡ್ಡೆ ಕಟ್ಟಬಹುದು. ಹೊಸಬರಾದರೆ ಸುಮ್ನೆ ಕೆಳಗೇ ಉಳಿಯಿರಿ, ಮೇಲಕ್ಕೆ ಹಗಲು ಹೋಗಿ ಬನ್ನಿ.

ಆಮೇಲೆ ಬುಕಿಂಗ್. ಫರ್ನೇಸ್ ಕ್ರೀಕ್‌ನ ಚಳಿಗಾಲದ ಬುಕಿಂಗ್ 6 ತಿಂಗಳು ಮೊದಲೇ ಶುರುವಾಗುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಜನಜಾತ್ರೆ, ಆ ವಾರ ಬೇಡವೇ ಬೇಡ. ಜಾಗ ಸಿಗದಿದ್ದರೆ ಯಾವುದಾದರೂ ವ್ಯೂಪಾಯಿಂಟಿನ ಪಾರ್ಕಿಂಗ್‌ನಲ್ಲಿ ಮಲಗಿದರಾಯ್ತು ಅಂತ ಲೆಕ್ಕ ಹಾಕಬೇಡಿ, ಅದಕ್ಕೆ ಅನುಮತಿ ಇಲ್ಲ.

ವ್ಯಾನನ್ನು ಲಾಸ್ ವೇಗಸ್‌ನಲ್ಲಿ ಬಾಡಿಗೆಗೆ ಪಡೆಯುವುದು ಸುಲಭ, ಅಲ್ಲಿಂದ ಎರಡು-ಎರಡೂವರೆ ಗಂಟೆ ದಾರಿ. ಉದ್ದ 25 ಅಡಿಯೊಳಗಿರಲಿ. ಅದಕ್ಕಿಂತ ಉದ್ದದ ಗಾಡಿಗಳನ್ನು ಬಣ್ಣದ ಗುಡ್ಡಗಳ ನಡುವಿನ ಆರ್ಟಿಸ್ಟ್ಸ್ ಡ್ರೈವ್ ರಸ್ತೆಗೂ ಬೆಟ್ಟದ ಮೇಲಿನ ಡಾಂಟೆಸ್ ವ್ಯೂ ವ್ಯೂಪಾಯಿಂಟಿಗೂ ಬಿಡುವುದಿಲ್ಲ. ಬಾಡಿಗೆ ಕರಾರಿನಲ್ಲಿ ಮಣ್ಣಿನ ರಸ್ತೆಯ ಬಗ್ಗೆ ಏನು ಬರೆದಿದ್ದಾರೆ ಅಂತ ಓದಿಕೊಳ್ಳಿ. ರೇಸ್‌ಟ್ರ್ಯಾಕ್ ಎಂಬ ಒಣಕೆರೆಯ ಕಡೆಯ ದಾರಿಯ ಚೂಪುಗಲ್ಲುಗಳು ಟೈರ್ ಸೀಳುವುದಕ್ಕೇ ಹೆಸರಾಗಿವೆ, ಆ ಆಸೆ ಬಿಟ್ಟುಬಿಡಿ.

ದಾರಿಯಲ್ಲಿ ಪಹ್ರಂಪ್ ಊರು ಸಿಗುತ್ತದೆ. ದಿನಸಿ, ಇಂಧನ, ನೀರು ಎಲ್ಲ ಅಲ್ಲೇ ತುಂಬಿಸಿ. ಪಾರ್ಕ್ ಒಳಗೂ ಇಂಧನ ಸಿಗುತ್ತದೆ, ಬೆಲೆ ಮಾತ್ರ ಜಾಸ್ತಿ. ಕುಡಿಯುವ ನೀರು ಒಬ್ಬರಿಗೆ ದಿನಕ್ಕೆ 4 ಲೀಟರ್‌ಗೆ ಕಡಿಮೆ ಇರಬಾರದು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗಾಳಿ ಮಾತ್ರ ಅಷ್ಟೇ ಒಣ.

ನಿಜವಾದ ತಯಾರಿ ಬೇಕಿರುವುದು ರಾತ್ರಿಗೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿ ಸುಮಾರು 14 ಗಂಟೆ ಕತ್ತಲು. ಬೆಳಕಿರುವಾಗಲೇ ಅಡುಗೆ ಮುಗಿಸಿ, ಪಾತ್ರೆ ತೊಳೆದಿಡಿ. ಕಿಟಕಿಗಳನ್ನೆಲ್ಲ ಬಿಗಿಯಾಗಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಗಾಜಿನ ಒಳಗೆಲ್ಲ ನೀರು ಹನಿಹನಿಯಾಗಿ ಇಳಿದು, ಗಾಜಿಗೆ ತಾಗಿದ್ದ ದಿಂಬು ತೊಪ್ಪೆಯಾಗಿರುತ್ತದೆ, ಎಲ್ಲಾ ನಿಮ್ಮ ಉಸಿರಿನ ತೇವವೇ. ಎದುರುಬದುರಿನ ಎರಡು ಕಿಟಕಿಗಳನ್ನು ಬೆರಳು ತೂರುವಷ್ಟು ತೆರೆದಿಡಿ. ಚಳಿ ಕಾಯಿಸಲು ಗ್ಯಾಸ್ ಒಲೆ ಹಚ್ಚಲೇಬಾರದು, ಅದರಿಂದ ಬರಬಹುದಾದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ. ಅದನ್ನು ಪತ್ತೆಹಚ್ಚುವ ಅಲಾರಂ ಇಲ್ಲದ ವ್ಯಾನ್ ಬೇಡ. ಲಿಥಿಯಂ ಬ್ಯಾಟರಿ ಇದ್ದರೆ ಇನ್ನೊಂದು ಮಾತು: ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಬಿಸಿಲೇರಲಿ, ಆಮೇಲೆ ಚಾರ್ಜ್ ಮಾಡಿ.

ಅಷ್ಟು ಉದ್ದದ ಕತ್ತಲಿನಿಂದ ಲಾಭವೂ ಇದೆ. ಇಲ್ಲಿನ ಆಕಾಶ ಅಷ್ಟು ಕಪ್ಪು, ನಕ್ಷತ್ರಗಳು ಚೆನ್ನಾಗಿ ಕಾಣುತ್ತವೆ. ಅಮಾವಾಸ್ಯೆಯ ಆಸುಪಾಸು ಹೋಗುವಂತೆ ದಿನ ಆರಿಸಿ, ಡಿಸೆಂಬರ್ 13-14ರ ಜೆಮಿನಿಡ್ ಉಲ್ಕೆಗಳ ಹೊತ್ತಿಗೆ ಚಂದ್ರ ಇಲ್ಲದಿದ್ದರಂತೂ ಅದೃಷ್ಟ.

ಹೊರಡುವ ಹಿಂದಿನ ದಿನ ಪಾರ್ಕಿನ ವೆಬ್‌ಸೈಟ್‌ನಲ್ಲಿ ರಸ್ತೆಗಳ ಸ್ಥಿತಿ ನೋಡಿ. ಮರುಭೂಮಿಯಲ್ಲಿ ಏನು ಮಳೆ ಅನ್ನಬೇಡಿ, 2023ರ ಆಗಸ್ಟ್‌ನಲ್ಲಿ ಹಿಲರಿ ಚಂಡಮಾರುತದ ಮಳೆಗೆ ರಸ್ತೆಗಳು ಕೊಚ್ಚಿಹೋಗಿ ಪಾರ್ಕ್ ಸುಮಾರು 2 ತಿಂಗಳು ಮುಚ್ಚಿತ್ತು. ಒಳಗೆ ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ವಾಪಸ್ ಬರುವಾಗ ಪಾರ್ಕಿನ ಡಂಪ್ ಸ್ಟೇಷನ್‌ನಲ್ಲೇ ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡಿ. ಹಾಗೇ ತಂದು ಒಪ್ಪಿಸಿದರೆ ಬಾಡಿಗೆಯವರು ಅದಕ್ಕೂ ದುಡ್ಡು ಕೇಳಬಹುದು.